ಹನಿಯಕ್ಕ ತನಗೇ ಬರೆದುಕೊಂಡ ಹಾಳೆ

ಹನಿಯಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಒಂದೇ ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ, ಒಂದೇ ಗಾಜಿನ ಕಪಾಟಿನ ಮುಂದೆ ಮೂವತ್ತೊಂದು ವರ್ಷ ನಿಂತು, ಸಕ್ಕರೆ ಗುಳಿಗೆಗಳ ಮೇಲೆ ಹನಿ ಎಣಿಸಿ ಬಿಟ್ಟವಳನ್ನು ಬೀದಿಯ ಜನ ಇನ್ನೇನೆಂದು ಕರೆದಾರು? ಮೊದಲು ತಮಾಷೆಗೆ ಕರೆದರು, ಆಮೇಲೆ ಅದೇ ರೂಢಿಯಾಯಿತು. ಅವಳಿಗೂ ಬೇಸರವಿರಲಿಲ್ಲ. ಐದು ಹನಿ ಎಂದರೆ ಐದೇ ಹನಿ; ಆರನೆಯದು ಬಿದ್ದರೆ ಗುಳಿಗೆಗಳನ್ನೆಲ್ಲ ಚೆಲ್ಲಿ ಮೊದಲಿಂದ ಮಾಡುವ ಪೈಕಿ ಅವಳು.

ಕ್ಲಿನಿಕ್ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಉದ್ದನೆಯ ಬೆಂಚು, ಹನಿಯಕ್ಕನ ಮೇಜು, ಕಂದು ಸೀಸೆಗಳ ಕಪಾಟು, ಒಳಗಿನದರಲ್ಲಿ ಡಾಕ್ಟರು. ಕಪಾಟಿನ ಪಕ್ಕದ ಗೋಡೆಗೆ ಒಂದು ಗಿಡದ ಚಿತ್ರ: ಕುಳ್ಳ ಕಾಂಡ, ಮೈತುಂಬ ಬಿಳಿ ರೋಮ, ತಲೆ ತಗ್ಗಿಸಿದ ನೇರಳೆ ಹೂವು. ಅದರ ಹೆಸರು ಪಲ್ಸಟಿಲ್ಲಾ. ಎಲ್ಲೋ ದೂರದ ಗುಡ್ಡಗಳಲ್ಲಿ ಬೆಳೆಯುವ ಆ ಗಿಡವನ್ನು ಹನಿಯಕ್ಕ ಕಣ್ಣಿಂದ ಕಂಡವಳಲ್ಲ. ಆದರೆ ಅವಳ ಕೈಯಿಂದ ಅದರಷ್ಟು ಹೊರಗೆ ಹೋದ ಔಷಧಿ ಇನ್ನೊಂದಿರಲಿಲ್ಲ. ಮುಟ್ಟು ತಡವಾದವರು, ತಿಂಗಳಿಗೆರಡು ಸಲ ಆದವರು, ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಂದವರು, ಗರ್ಭಕೋಶ ಜಾರಿದಂತಾಗುತ್ತದೆ ಎಂದು ಕಿವಿಯಲ್ಲಿ ಹೇಳಿದವರು, ಎಲ್ಲರಿಗೂ ಒಂದಲ್ಲ ಒಂದು ಸಲ ಅದೇ ಸೀಸೆ. ಕೆಲವರಿಗೆ ಗುಣವಾಗುತ್ತಿತ್ತು. ಕೆಲವರಿಗೆ ಸುಮ್ಮನಿದ್ದರೂ ಗುಣವಾಗುತ್ತಿತ್ತೇನೋ. ಹನಿಯಕ್ಕ ಆ ಲೆಕ್ಕಕ್ಕೆ ಹೋಗಿರಲಿಲ್ಲ.

ಅವಳ ನಿಜವಾದ ಕೆಲಸ ಹನಿ ಬಿಡುವುದಕ್ಕಿಂತ ಮೊದಲೇ ಶುರುವಾಗುತ್ತಿತ್ತು. ಪ್ರತಿ ರೋಗಿಗೂ ಒಂದು ನಾಲ್ಕು ಪುಟದ ಹಾಳೆ, ಅದರಲ್ಲಿ ನಲವತ್ತೆರಡು ಪ್ರಶ್ನೆ. ನೋವು ಬೆಳಿಗ್ಗೆ ಹೆಚ್ಚೋ ಸಂಜೆಯೋ, ಕಿಟಕಿ ತೆರೆದಿದ್ದರೆ ಹಿತವೋ ಮುಚ್ಚಿದ್ದರೋ, ಬೇಗ ಅಳು ಬರುತ್ತದೆಯೋ, ಯಾರಾದರೂ ಸಮಾಧಾನ ಮಾಡಿದರೆ ಇಷ್ಟವೋ ಸಿಟ್ಟೋ. ಮೊದಲಿನ ಡಾಕ್ಟರು, ಈಗಿನ ಡಾಕ್ಟರಮ್ಮನ ತಂದೆ, ಅವಳಿಗೆ ಮೊದಲ ದಿನವೇ ಹೇಳಿದ್ದರು: "ರೋಗಿ ಹೇಳಿದ್ದನ್ನು ರೋಗಿಯ ಮಾತಲ್ಲೇ ಬರಿ. ಬಾಯಿಗೆ ಉತ್ತರ ಹಾಕಬೇಡ. ನಿನ್ನ ಜಾಣತನ ನಿನ್ನ ಹತ್ರಾನೇ ಇರಲಿ."

ಇನ್ನೊಂದು ಮಾತನ್ನೂ ಹೇಳಿದ್ದರು. ಹತ್ತೊಂಬತ್ತನೆಯ ಪ್ರಶ್ನೆ: ಮುಟ್ಟು ನಿಂತಿದ್ದರೆ, ನಿಂತು ಎಷ್ಟು ಕಾಲವಾಯಿತು? ನಿಂತು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡಿದ್ದರೆ ಅಲ್ಲಿಗೇ ಪೆನ್ನು ಕೆಳಗಿಡಬೇಕು. ಹಾಳೆಯ ಬಲ ಮೂಲೆಯನ್ನು ಮಡಿಸಬೇಕು. ಸೀಸೆ ಇಲ್ಲ, ಗುಳಿಗೆ ಇಲ್ಲ. ದೊಡ್ಡಾಸ್ಪತ್ರೆಗೆ ಒಂದು ಪತ್ರ, ಅಷ್ಟೆ. "ಅದು ಗರ್ಭಕೋಶದ ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ನೋಡಿ ಹೇಳೋಕೆ ಅವರ ಹತ್ರ ಯಂತ್ರ ಇದೆ, ನಮ್ಮ ಹತ್ರ ಇರೋದು ಗಿಡ. ಇಲ್ಲಿ ಒಂದು ದಿನ ತಡ ಮಾಡಿದ್ರೂ ಪಾಪ ನಮ್ಮದು," ಎಂದಿದ್ದರು.

ಮೂವತ್ತೊಂದು ವರ್ಷದಲ್ಲಿ ಹನಿಯಕ್ಕ ಇಪ್ಪತ್ತೆರಡು ಹಾಳೆಗಳ ಮೂಲೆ ಮಡಿಸಿದ್ದಳು. ಅವೆಲ್ಲ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಆ ಇಪ್ಪತ್ತೆರಡು ಮಂದಿಯಲ್ಲಿ ಒಬ್ಬಳೂ ಕ್ಲಿನಿಕ್ಕಿಗೆ ಹಿಂತಿರುಗಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಆದರೆ ಬೆರಳು ಮೂಲೆಯ ಮೇಲೆ ಒತ್ತುವಾಗಲೆಲ್ಲ ಒಳಗೆ ಒಂದು ಮಾತು ಏಳುತ್ತಿತ್ತು: ಇವಳೂ ಹೋದಳು.

ಮಡಿಸಿದ ಮೂಲೆ ಎಂದರೆ ತಿರುಗಿ ಬಾರದವರು ಎಂದು ಅವಳ ತಲೆಯಲ್ಲಿ ಯಾವಾಗಲೋ ಬೇರು ಬಿಟ್ಟಿತ್ತು.

ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದಾಗ, ಒಳಬಟ್ಟೆಯ ಮೇಲೆ ಅವಳಿಗೆ ಒಂದು ಕಲೆ ಕಂಡಿತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಕಂದು ಕೆಂಪು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತಳೆಂದರೆ ಬಕೆಟ್ಟಿನ ಬಿಸಿನೀರು ತಣ್ಣಗಾಯಿತು. ಮುಟ್ಟು ನಿಂತದ್ದು ಕ್ಲಿನಿಕ್ಕಿಗೆ ಕೊನೆಯ ಸಲ ಬಣ್ಣ ಬಳಿಸಿದ ತಿಂಗಳು. ಅಂದರೆ ಆರು ವರ್ಷದ ಹಿಂದೆ. ಬಣ್ಣದ ವಾಸನೆಗೆ ತಲೆ ಸಿಡಿಯುತ್ತಿದ್ದಾಗ, ಈ ತಿಂಗಳೂ ಆಗಲಿಲ್ಲವಲ್ಲ, ಸದ್ಯ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟದ್ದು ಚೆನ್ನಾಗಿ ನೆನಪಿತ್ತು. ಮರೆಯಲು ಬರುವಂತಿದ್ದರೆ ಎಷ್ಟು ಒಳ್ಳೆಯದಿತ್ತು.

ಮೂರು ದಿನ ಕಾದಳು. ಕಲೆ ಮೂರು ದಿನವೂ ಬಂತು. ನಾಲ್ಕನೆಯ ದಿನ ಡಾಕ್ಟರಮ್ಮನ ಹತ್ತಿರ, "ನನಗೂ ಸ್ವಲ್ಪ ಮುಟ್ಟಿನ ಏರುಪೇರು, ಒಂದು ಸೀಸೆ ಮಾಡ್ಕೊಳ್ಲಾ?" ಎಂದು ಕೇಳಿದಳು.

ಡಾಕ್ಟರಮ್ಮನಿಗೆ ಮೂವತ್ತು ವರ್ಷ. ಇದೇ ಬೆಂಚಿನ ಮೇಲೆ ಕೂತು ಶಾಲೆಯ ಹೋಂವರ್ಕ್ ಮಾಡಿದ ಹುಡುಗಿ. ಶಿಸ್ತಿನಲ್ಲಿ ಅಪ್ಪನ ಮಗಳೇ. "ಹಾಳೆ ಇಲ್ದೆ ಸೀಸೆ ಇಲ್ಲ ಅಂತ ನೀವೇ ನನಗೆ ಕಲಿಸಿದ್ದು, ಅಕ್ಕ. ಬರೆದುಕೊಂಡು ಬನ್ನಿ," ಎಂದು ನಕ್ಕರು.

ಹನಿಯಕ್ಕ ತನ್ನ ಮೇಜಿನ ಮುಂದೆ ಕೂತು, ತಾನೇ ಕೇಳಿ ತಾನೇ ಉತ್ತರ ಬರೆದಳು. ಹತ್ತೊಂಬತ್ತನೆಯ ಪ್ರಶ್ನೆಗೆ ಬಂದಳು. "ಎಂಟು ತಿಂಗಳು" ಎಂದು ದುಂಡಗೆ ಬರೆದಳು. ವರ್ಷ ತುಂಬದಿದ್ದರೆ ಮೂಲೆ ಮಡಿಸಬೇಕಾಗಿಲ್ಲ. ಅಲ್ಲಿಗೇ ನಿಲ್ಲಿಸಲಿಲ್ಲ. ಕೈಗೆ ಪಳಗಿದ ಸೀಸೆ ಒಂದೇ, ಆ ಗಿಡದ್ದು. ಆ ಗಿಡಕ್ಕೆ ಹೊಂದುವ ಹೆಂಗಸು ಎಂಥವಳೆಂದು ಪುಸ್ತಕ ಬಲ್ಲವರಿಗೆಲ್ಲ ಗೊತ್ತು: ಮೃದು ಸ್ವಭಾವ, ಕಿಟಕಿ ತೆರೆದಿರಬೇಕು, ಮಾತೆತ್ತಿದರೆ ಕಣ್ಣೀರು. ಹಾಗಾಗಿ ಮೂವತ್ತನಾಲ್ಕನೆಯ ಪ್ರಶ್ನೆಗೆ, "ಬೇಗ ಅಳು ಬರುತ್ತದೆ" ಎಂದೂ ಬರೆದಳು.

ಡಾಕ್ಟರಮ್ಮ ಓದುತ್ತ ಹುಬ್ಬೇರಿಸಿದರು. "ಎಂಟು ತಿಂಗಳಾ? ನಿಮ್ಮದು ನಿಂತು ತುಂಬಾ ದಿನ ಆಯ್ತು ಅಂದ್ಕೊಂಡಿದ್ದೆ."

"ನಿಮಗೇನು ಗೊತ್ತು? ಆಗ ಒಂದೆರಡು ತಿಂಗಳು ತಪ್ಪಿತ್ತು, ಅಷ್ಟೆ. ನೀವು ಕಾಲೇಜಲ್ಲಿ ಪರೀಕ್ಷೆ ಪರೀಕ್ಷೆ ಅಂತ ಒದ್ದಾಡ್ತಿದ್ರಿ."

"ಸರಿ. ಈ ಅಳೋದು? ನಾನು ಹುಟ್ಟಿದಾಗಿಂದ ನಿಮ್ಮನ್ನ ನೋಡ್ತಿದ್ದೀನಿ. ಅಪ್ಪ ಹೋದ ದಿನಾನೂ ನೀವು ಕಪಾಟು ಒರೆಸ್ತಾ ನಿಂತಿದ್ರಿ."

"ಒರೆಸ್ತಾ ಅತ್ತಿದ್ದೆ. ನೀವು ನೋಡಿದ್ದು ಬೆನ್ನು."

ಡಾಕ್ಟರಮ್ಮ ಹಾಳೆ ಪಕ್ಕಕ್ಕಿಟ್ಟರು. ಔಷಧಿ ಬರೆದರು. "ಎರಡು ವಾರ ನೋಡೋಣ. ನಿಲ್ಲದಿದ್ರೆ ಸ್ಕ್ಯಾನ್. ನೆಪ ಹೇಳೋ ಹಾಗಿಲ್ಲ," ಎಂದರು.

ಸೀಸೆ ತಯಾರಿಸುವಾಗ ಒಂದು ಕ್ರಮವಿದೆ. ಔಷಧಿಯ ಹನಿಯನ್ನು ಸ್ಪಿರಿಟ್ಟಿಗೆ ಬಿಟ್ಟು, ಬಿರಡೆ ಹಾಕಿ, ಚರ್ಮ ಹೊದಿಸಿದ ದಪ್ಪ ಪುಸ್ತಕವೊಂದರ ಮೇಲೆ ಸೀಸೆಯ ತಳವನ್ನು ಹತ್ತು ಸಲ ಕುಟ್ಟಬೇಕು. ಮೂವತ್ತೊಂದು ವರ್ಷದ ಏಟಿಗೆ ಆ ಚರ್ಮ ನಡುವೆ ಬಟ್ಟಲಿನಂತೆ ತಗ್ಗಾಗಿತ್ತು. ಅವಳು ಮಾತಾಡುತ್ತ, ಬೈಯುತ್ತ, ಬೀದಿ ನೋಡುತ್ತ ಕುಟ್ಟಿದರೂ ಎಣಿಕೆ ತಪ್ಪಿದ್ದಿಲ್ಲ. ಅವತ್ತು ಆರಕ್ಕೋ ಏಳಕ್ಕೋ ತಪ್ಪಿತು. ಮತ್ತೆ ಮೊದಲಿಂದ ಕುಟ್ಟಿದಳು. ಮತ್ತೆ ತಪ್ಪಿತು. ಮೂರನೆಯ ಸಲ ಬಾಯಿಬಿಟ್ಟು ಎಣಿಸಿದಳು.

ಒಂಬತ್ತನೆಯ ದಿನ ರಕ್ತ ನಿಂತಿತು.

ಈ ರೋಗದ ಮೋಸವೇ ಅದು. ಬರುತ್ತದೆ, ತನ್ನಷ್ಟಕ್ಕೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತ ದಿನ ಕೈಯಲ್ಲಿ ಯಾವ ಸೀಸೆ ಇತ್ತೋ ಕೀರ್ತಿಯೆಲ್ಲ ಅದಕ್ಕೆ. ಹನಿಯಕ್ಕ ಆ ವಾರ ಕಪಾಟಿನ ಮುನ್ನೂರು ಸೀಸೆಗಳಿಗೂ ಹೊಸ ಚೀಟಿ ಅಂಟಿಸಿದಳು. ಗಂಡನಿಗೆ ಎರಡು ಸಲ ಚಹಾ ಮಾಡಿಕೊಟ್ಟಳು. ಡಾಕ್ಟರಮ್ಮನಿಗೆ, "ನಿಂತೇ ಹೋಯ್ತು," ಎಂದಳು. ಆ ದಿನಕ್ಕೆ ಅದು ನಿಜವೂ ಆಗಿತ್ತು.

ಇಪ್ಪತ್ನಾಲ್ಕು ದಿನ ಕಳೆದು ಮತ್ತೆ ಕಂಡಿತು. ಈ ಸಲ ಸಾಸಿವೆಯಷ್ಟಲ್ಲ, ಅಂಗೈಯಷ್ಟು.

ಹೋಮಿಯೋಪತಿಯವರಲ್ಲಿ ಒಂದು ಮಾತಿದೆ. ಔಷಧಿ ಸರಿಯಾಗಿ ತಾಗಿದರೆ ತೊಂದರೆ ಮೊದಲು ಸ್ವಲ್ಪ ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ ಎಂದು. ಗಾಬರಿಯಾಗಿ ಓಡಿಬಂದ ಎಷ್ಟೋ ಹೆಂಗಸರಿಗೆ ಹನಿಯಕ್ಕ ಇದನ್ನೇ ಹೇಳಿ ಧೈರ್ಯ ತುಂಬಿದ್ದಳು. "ಹೆಚ್ಚಾಯ್ತಾ? ಒಳ್ಳೇದಾಯ್ತು. ಔಷಧಿ ಕೆಲಸ ಮಾಡ್ತಿದೆ." ಈಗ ಅದೇ ಮಾತನ್ನು ಬಚ್ಚಲಿನಲ್ಲಿ ನಿಂತು ತನಗೆ ತಾನೇ ಹೇಳಿಕೊಂಡಳು. ಬೇರೆಯವರ ಬಾಯಿಂದ ಕೇಳಿದ್ದರೆ ನಂಬುತ್ತಿದ್ದಳೋ ಏನೋ. ತನ್ನ ದನಿಯಲ್ಲಿ ಕೇಳಿದಾಗ ಅದು ಟೊಳ್ಳಾಗಿ ಕೇಳಿಸಿತು. ಆದರೂ ಸೀಸೆ ಖಾಲಿಯಾದಾಗ ಡಾಕ್ಟರಮ್ಮ ಊಟಕ್ಕೆ ಹೋದ ಹೊತ್ತು ನೋಡಿ ತಾನೇ ತುಂಬಿಸಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಹೀಗೆ ಐದು ತಿಂಗಳು ಹೋಯಿತು. ಕುರ್ಚಿಯಿಂದ ಎದ್ದಾಗಲೆಲ್ಲ ತಿರುಗಿ ಕುರ್ಚಿ ನೋಡುವುದು ಅಭ್ಯಾಸವಾಯಿತು. ಗಾಢ ಬಣ್ಣದ ಬಟ್ಟೆಗಳನ್ನಷ್ಟೇ ಉಡತೊಡಗಿದಳು. ಹಾಸಿಗೆಯ ತನ್ನ ಅರ್ಧಕ್ಕೆ ಹಳೆ ಟವೆಲ್ ಹಾಸಿದಳು. ಬೆನ್ನು ಬೆವರುತ್ತದೆ ಎಂದು ಗಂಡನಿಗೆ ಹೇಳಿದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮಾತು ಕಡಿಮೆ.

"ನೀನು ಇಳಿದು ಹೋಗಿದ್ದೀಯಲ್ಲೇ," ಎಂದ ಒಂದು ದಿನ.

"ದಿನಾ ಈ ಮನೆಗೆ ನಾಲ್ಕು ಮಹಡಿ ಹತ್ತಿ ಇಳಿದ್ರೆ ಇಳೀದೆ ಊದ್ತಾರಾ?"

"ಮೂವತ್ತು ವರ್ಷದಿಂದ ಹತ್ತಿ ಇಳೀತಿದ್ದೀಯ."

"ಈಗ ಪರಿಣಾಮ ಕಾಣ್ತಿದೆ."

ಅವನು ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಮೈಗೆ ಹುಷಾರಿಲ್ಲದಿದ್ದರೆ ಎಲ್ಲರೂ ಕೇಳುತ್ತಿದ್ದದ್ದು ಅವಳನ್ನೇ. ಅವಳಿಗೇ ಹುಷಾರಿಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು ಅವನಿಗೆ ತಿಳಿದಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಒಬ್ಬ ಹೊಸ ರೋಗಿ ಬಂದಳು. ರೈಲು ಹಳಿಯ ಆಚೆ ಕಡೆಯವಳು; ಮೂರು ಶಾಲೆಗಳಿಗೆ ಯೂನಿಫಾರಂ ಹೊಲಿದು ಕೊಡುವ ದರ್ಜಿ. ಐವತ್ತೈದರ ಆಸುಪಾಸು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನು ಮರೆತು ಬಂದಿದ್ದಳು. ಕೂತವಳೇ ಮೇಜನ್ನು ತಟ್ಟಿ ನೋಡಿ, "ಒಳ್ಳೇ ಮರ. ಬಟ್ಟೆ ಕತ್ತರಿಸೋಕೆ ಚೆನ್ನಾಗಿರುತ್ತೆ," ಎಂದಳು.

ಹನಿಯಕ್ಕ ಹಾಳೆ ತೆಗೆದಳು. ವಯಸ್ಸು, ಮಕ್ಕಳು, ಊಟ, ನಿದ್ದೆ. ತೊಂದರೆ ಏನು?

"ಹತ್ತು ದಿನದಿಂದ ರಕ್ತ ಹೋಗ್ತಿದೆ, ಅಕ್ಕ. ಜಾಸ್ತಿ ಏನಲ್ಲ. ನೋವೂ ಇಲ್ಲ. ಆದ್ರೆ ಹೊಲಿಗೆ ಮಿಷನ್ ಮುಂದೆ ಕೂತಿರೋವಾಗ ಒದ್ದೆ ಆದ್ರೆ ಎದೆ ಧಸಕ್ ಅನ್ನುತ್ತೆ."

ಹತ್ತೊಂಬತ್ತನೆಯ ಪ್ರಶ್ನೆ. "ನಿಂತು ಎಷ್ಟು ದಿನ ಆಗಿತ್ತು?"

"ಎರಡು ವರ್ಷ."

ಪೆನ್ನು ನಿಂತಿತು. ಈ ಹೆಂಗಸಿನ ಮೂಲೆ ಮಡಿಸಿದರೆ ತನ್ನದನ್ನು ಮಡಿಸದೆ ಇರುವುದು ಹೇಗೆ? ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಹೇಳಬಾರದ ಮಾತು ಅವಳ ಬಾಯಿಂದ ಜಾರಿತು.

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಎರಡು ವರ್ಷವೇನಾ? ಕೆಲವರಿಗೆ ಎಂಟು ತಿಂಗಳು ನಿಂತು ಮತ್ತೆ ಆಗುತ್ತೆ. ನಿಮಗೂ ಎಂಟು ತಿಂಗಳೇ ಇರಬಹುದು."

ದರ್ಜಿ ಅವಳ ಮುಖ ನೋಡಿದಳು. "ಅಕ್ಕ, ನಾನು ಅಳತೆ ತಪ್ಪೋ ಪೈಕಿ ಅಲ್ಲ. ದೊಡ್ಡ ಮಗಳಿಗೆ ಹೆರಿಗೆ ಆದ ತಿಂಗಳು ನನಗೆ ನಿಂತಿತ್ತು. ಮೊಮ್ಮಗನಿಗೆ ಈಗ ಎರಡು ವರ್ಷ ಒಂದು ತಿಂಗಳು. ಬೇಕಾದ್ರೆ ಅವನನ್ನೇ ಕರ್ಕೊಂಡು ಬರ್ತೀನಿ, ಹಲ್ಲು ಎಣಿಸಿ."

ಹನಿಯಕ್ಕನ ಕಿವಿ ಬಿಸಿಯಾಯಿತು. ಸತ್ತು ನಾಲ್ಕು ವರ್ಷವಾದ ದೊಡ್ಡ ಡಾಕ್ಟರು ಒಳಗಿನ ಕೋಣೆಯಿಂದ ಕೆಮ್ಮಿದಂತೆ ಅನ್ನಿಸಿತು. "ಎರಡು ವರ್ಷ ಒಂದು ತಿಂಗಳು" ಎಂದು ಬರೆದಳು. ಪೆನ್ನು ಕೆಳಗಿಟ್ಟಳು. ಬಲ ಮೂಲೆಯನ್ನು ಬೆರಳಿನಿಂದ ಒತ್ತಿ ಮಡಿಸಿದಳು.

"ಓ," ಎಂದಳು ದರ್ಜಿ. "ನಮ್ಮತ್ತೆದೂ ಹೀಗೇ ಮಡಿಸಿದ್ರಂತೆ ನೀವು."

"ಯಾವಾಗ?"

"ಹನ್ನೆರಡು ವರ್ಷ ಆಯ್ತು."

"ಪಾಪ," ಎಂದಳು ಹನಿಯಕ್ಕ, ತನಗರಿವಿಲ್ಲದೆ.

"ಪಾಪ ನಾನು! ಹನ್ನೆರಡು ವರ್ಷದಿಂದ ದಿನಾ ನನ್ನ ತಲೆ ತಿಂತಿದ್ದಾರೆ. ಹೊರಗೆ ಬೆಂಚಿನ ತುದೀಲಿ ಕೂತಿದ್ದಾರೆ ನೋಡಿ. ನಾನು ಆಸ್ಪತ್ರೆ ತಪ್ಪಿಸಿಕೊಂಡು ಓಡಿ ಹೋಗ್ತೀನಿ ಅಂತ ಕಾವಲಿಗೆ ಬಂದಿರೋದು."

ಹನಿಯಕ್ಕ ಎದ್ದು ನೋಡಿದಳು. ಬೆಂಚಿನ ತುದಿಯಲ್ಲಿ ಗುಂಡುಕಲ್ಲಿನಂಥ ಒಂದು ಮುದುಕಿ, ಊರುಗೋಲಿನ ಮೇಲೆ ಗಲ್ಲ ಊರಿ ಕೂತಿದ್ದಳು. ಹೆಸರು ಕೇಳಿ ಬೀರುವಿನ ಕೆಳಗಿನ ಖಾನೆ ಎಳೆದಳು. ಹಾಳೆ ಇತ್ತು, ಮೂಲೆ ಮಡಿಸಿಯೇ ಇತ್ತು, ಕೈಬರಹ ತನ್ನದೇ. ಹನ್ನೆರಡು ವರ್ಷ ಇವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ್ದಳು.

"ನೀವು... ಮತ್ತೆ ಬರಲೇ ಇಲ್ಲವಲ್ಲ?" ಎಂದಳು.

ಮುದುಕಿ ಊರುಗೋಲು ಎತ್ತಿ ಕಪಾಟಿನ ಕಡೆ ತೋರಿಸಿದಳು. "ಯಾಕೆ ಬರಲಿ ತಾಯಿ? ಗರ್ಭಕೋಶಾನೇ ತೆಗೆದು ಬಿಸಾಕಿದ್ರು. ಇಲ್ಲದ ಗರ್ಭಕೋಶಕ್ಕೆ ನಿನ್ನ ಸಕ್ಕರೆ ಗುಳಿಗೆ ಯಾಕೆ? ಗುಣ ಆದವರು ಡಾಕ್ಟರ ಮನೆಗೆ ನೆಂಟಸ್ತನಕ್ಕೆ ಬರ್ತಾರಾ?"

"ಅತ್ತೆ, ಮೆತ್ತಗೆ," ಎಂದಳು ದರ್ಜಿ.

"ನೀನು ಸುಮ್ನಿರು. ನಿನಗೂ ಅದೇ ಆಗೋದು. ಭಯ ಪಡಬೇಡ, ಅದು ಇಲ್ದೆ ನಾನು ಬದುಕಿಲ್ವಾ?"

ಹನಿಯಕ್ಕ ಖಾನೆಯ ಹಾಳೆಗಳನ್ನು ಹಿಡಿದುಕೊಂಡೇ ಬೆಂಚಿನ ಮೇಲೆ ಕೂತಳು. "ಬೇರೆಯವರು? ಇಲ್ಲಿಂದ ಹೋದವರು ಯಾರಾದ್ರೂ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಆಪರೇಷನ್ ಆದ್ಮೇಲೆ ಐದು ವರ್ಷ ತಪಾಸಣೆಗೆ ಹೋಗಿದ್ದೀನಿ. ಆ ಸಾಲಲ್ಲಿ ನಿಂತ್ರೆ ಯಾರು ಸಿಗಲ್ಲ?" ಮುದುಕಿ ಬೆರಳು ಮಡಿಸಿದಳು. "ಬೇಕರಿಯವಳು, ಗುಂಡಗೆ ಚೆನ್ನಾಗಿದ್ದಾಳೆ. ಅವಳಿಗೆ ಕ್ಯಾನ್ಸರೇ ಇರಲಿಲ್ಲ, ಏನೋ ಸಣ್ಣ ಗಂಟಂತೆ. ಕಣ್ಣು ಸ್ವಲ್ಪ ಮೆಳ್ಳೆ ಇದ್ದ ಟೀಚರು, ಅವರೂ ಇದ್ದಾರೆ. ಪೋಸ್ಟ್ ಆಫೀಸಿನವಳು ಹೋದ್ಲು."

"ಅವರು ಯಾಕೆ ಹೋದ್ರು?"

"ಪತ್ರ ಚೀಲದಲ್ಲಿ ಇಟ್ಕೊಂಡು ಮನೇಲಿ ಕೂತಳು. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅಂತ. ಐದು ತಿಂಗಳೋ ಆರು ತಿಂಗಳೋ ಕೂತಳಂತೆ. ಅವರು ಹೊಟ್ಟೆ ತೆರೆದು ನೋಡೋ ಹೊತ್ತಿಗೆ ಎಲ್ಲಾ ಕಡೆ ಹಬ್ಬಿತ್ತು."

ಐದು ತಿಂಗಳೋ ಆರು ತಿಂಗಳೋ. ಹನಿಯಕ್ಕ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಅಂಚು ಸರಿಬರಲಿಲ್ಲ, ಮತ್ತೆ ಜೋಡಿಸಿದಳು. ಇಷ್ಟು ವರ್ಷ ತಾನು ಭಯಪಟ್ಟದ್ದು ಹೋದವರ ಬಗ್ಗೆ. ಭಯಪಡಬೇಕಾಗಿದ್ದದ್ದು ಹೋಗದೆ ಕೂತವರ ಬಗ್ಗೆ. ಅಂಥವಳೊಬ್ಬಳು ಈಗ ಈ ಬೆಂಚಿನ ಮೇಲೆಯೇ ಕೂತಿದ್ದಳು.

ದರ್ಜಿಯ ಹಾಳೆಯ ಜೊತೆ ಇನ್ನೊಂದು ಹಾಳೆಯನ್ನೂ ತೆಗೆದುಕೊಂಡು ಒಳಗೆ ಹೋದಳು. ಹೋಗುವ ಮೊದಲು "ಎಂಟು ತಿಂಗಳು" ಎಂಬುದನ್ನು ಒಂದು ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ "ಆರು ವರ್ಷ" ಎಂದು ಬರೆದು, ಮೂಲೆ ಮಡಿಸಿದ್ದಳು. ಎರಡೂ ಹಾಳೆಗಳನ್ನು ಮೇಜಿನ ಮೇಲಿಟ್ಟು ನಿಂತಳು.

ಡಾಕ್ಟರಮ್ಮ ಮೊದಲನೆಯದನ್ನು ಓದಿ ಪತ್ರ ಬರೆದರು. ಎರಡನೆಯದರ ಹೆಸರು ನೋಡಿದರು, ಮೂಲೆ ನೋಡಿದರು, ದಿನಾಂಕ ನೋಡಿದರು.

"ಇದೇನಿದು?"

"ನನ್ನದು."

"ನಿಂತು ಹೋಯ್ತು ಅಂದ್ರಿ."

"ನಿಂತಿತ್ತು. ಮತ್ತೆ ಬಂತು. ಬರ್ತಾನೇ ಇದೆ."

"ಐದು ತಿಂಗಳಿಂದ?" ಡಾಕ್ಟರಮ್ಮನ ದನಿ ಏರಿತು. "ಐದು ತಿಂಗಳಿಂದ ನನ್ನ ಕಣ್ಣೆದುರಿಗೇ ಓಡಾಡ್ಕೊಂಡು? ಅಪ್ಪ ನಿಮಗೆ ಹೇಳಿಕೊಟ್ಟಿದ್ದನ್ನ ನೀವು ನನಗೆ ಹೇಳಿಕೊಟ್ರಿ, ಅಕ್ಕ! ಬಿಳಿ ಹಾಳೆ ತಗೊಂಡು ಮೂಲೆ ಮಡಿಸೋದು ಹೇಗೆ ಅಂತ ತೋರಿಸಿದ್ದು ನೀವು! ನನ್ನ ಕೈಯಿಂದ ತಪ್ಪು ಔಷಧಿ ಬರೆಸಿದ್ರಲ್ಲ. ನಾನು ಯಾರಿಗೆ ಮುಖ ತೋರಿಸಲಿ?"

ಹನಿಯಕ್ಕ ಪತ್ರದ ಹಾಳೆಯನ್ನು ಡಾಕ್ಟರಮ್ಮನ ಮುಂದೆ ಸರಿಸಿದಳು.

ಡಾಕ್ಟರಮ್ಮ ಎರಡನೆಯ ಪತ್ರ ಬರೆದರು. ಎರಡು ಕಡೆ ತಪ್ಪಾಯಿತು, ಹರಿದು ಮತ್ತೆ ಬರೆದರು. ಲಕೋಟೆಗೆ ಹಾಕಿ ಕೊಡುವಾಗ ಕೇಳಿದರು, "ಬೇಗ ಅಳು ಬರುತ್ತೆ ಅಂತ ಬರೆದಿದ್ರಲ್ಲ. ಅದಾದ್ರೂ ನಿಜವಾ?"

"ಅದೂ ಸುಳ್ಳೇ."

"ನನಗೆ ಗೊತ್ತಿತ್ತು," ಎಂದು ಡಾಕ್ಟರಮ್ಮ ಮುಖ ಆಚೆ ತಿರುಗಿಸಿದರು. ಅಳು ಬಂದದ್ದು ಅವರಿಗೆ.

ಆ ಸಂಜೆ ಗಂಡ ಅಡುಗೆಮನೆಯ ನಲ್ಲಿಯ ವಾಷರ್ ಬದಲಾಯಿಸುತ್ತಿದ್ದ. ಅವನ ಬೆನ್ನಿಗೆ ನಿಂತು ಎಲ್ಲವನ್ನೂ ಹೇಳಿದಳು. ಅವನು ಸ್ಪ್ಯಾನರ್ ಕೆಳಗಿಟ್ಟ.

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ರಿ."

"ಮತ್ತೆ?"

"ಅದಕ್ಕೇ ಹೇಳಲಿಲ್ಲ."

ಮರುದಿನ ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನಾಲ್ವರು ಸಾಲಾಗಿ ಕೂತರು: ದರ್ಜಿ, ಅವಳ ಅತ್ತೆ, ಹನಿಯಕ್ಕ, ಹನಿಯಕ್ಕನ ಗಂಡ. ಗೋಡೆಗೆ ತಿಳಿಹಸಿರು ಬಣ್ಣ, ನೆಲಕ್ಕೆ ಫಿನಾಯಿಲಿನ ವಾಸನೆ. ಮುದುಕಿ ಅಲ್ಲಿ ತನ್ನ ಮನೆಯಲ್ಲಿ ಕೂತಂತೆ ಕೂತು, ಯಾವ ನರ್ಸ್ ಒಳ್ಳೆಯವಳು, ಯಾರ ಕೈ ಭಾರ ಎಂದು ವಿವರಿಸುತ್ತಿದ್ದಳು. ದರ್ಜಿ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಹನಿಯಕ್ಕ ಎದುರಿನ ಬಾಗಿಲನ್ನು ನೋಡುತ್ತಿದ್ದಳು. ಅದು ತೆರೆದಾಗಲೆಲ್ಲ ಲಕೋಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು.

ಒಳಗೆ ಇಪ್ಪತ್ತೈದರ ಒಬ್ಬ ಹುಡುಗಿ ಫಾರಂ ಹಿಡಿದು ಕೂತಿದ್ದಳು. ಹನಿಯಕ್ಕ ಮೊದಲ ಸಲ ಮೇಜಿನ ಈಚೆ ಕಡೆಯ ಕುರ್ಚಿಯಲ್ಲಿದ್ದಳು. ಹುಡುಗಿ ತಲೆಯೆತ್ತದೆ ಕೇಳಿದಳು, "ಪೀರಿಯಡ್ಸ್ ನಿಂತು ಎಷ್ಟು ದಿನ ಆಯ್ತು?"

"ಆರು ವರ್ಷ ಆಗಿತ್ತು."

"ಬ್ಲೀಡಿಂಗ್ ಯಾವಾಗಿಂದ?"

"ಐದು ತಿಂಗಳು."

ಹುಡುಗಿ ತಲೆಯೆತ್ತಿದಳು. "ಐದು ತಿಂಗಳಾ? ಇಷ್ಟು ದಿನ ಏನು ಮಾಡ್ತಿದ್ರಿ, ಅಮ್ಮ?"

"ಹೋಮಿಯೋಪತಿ ಕ್ಲಿನಿಕ್ಕಲ್ಲಿ ಕೆಲಸ," ಎಂದಳು ಹನಿಯಕ್ಕ. ಹುಡುಗಿ ಅದನ್ನು ಉದ್ಯೋಗದ ಮುಂದೆ ಬರೆದುಕೊಂಡಳು.

ಸ್ಕ್ಯಾನ್ ಮಾಡಿದರು. ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹನ್ನೊಂದು ದಿನ ಎಂದರು. ಆ ಹನ್ನೊಂದು ದಿನ ಹನಿಯಕ್ಕ ಎಂದಿನಂತೆ ಕೆಲಸಕ್ಕೆ ಹೋದಳು, ಎಂದಿನಂತೆ ಹಾಳೆ ಬರೆದಳು. ಸೀಸೆ ಕುಟ್ಟುವುದನ್ನು ಮಾತ್ರ ಡಾಕ್ಟರಮ್ಮ ಅವಳ ಕೈಗೆ ಬಿಡಲಿಲ್ಲ. "ನಿಮ್ಮ ಎಣಿಕೆ ಈಗ ನೆಚ್ಚೋ ಹಾಗಿಲ್ಲ," ಎಂದರು. ಮನೆಯಲ್ಲಿ ಗಂಡ ಸರಿಯಿದ್ದ ಫ್ಯಾನನ್ನು ಬಿಚ್ಚಿ ಜೋಡಿಸಿದ, ಸರಿಯಿದ್ದ ಬಾಗಿಲ ಚಿಲಕವನ್ನು ಬಿಚ್ಚಿ ಜೋಡಿಸಿದ. ದರ್ಜಿ ದಿನಕ್ಕೆರಡು ಸಲ ಫೋನ್ ಮಾಡಿ, "ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದಳು. ಇಬ್ಬರದೂ ಒಂದೇ ದಿನ ಬರುವುದೆಂದು ಇಬ್ಬರಿಗೂ ಗೊತ್ತಿತ್ತು.

ಬಂತು. ದರ್ಜಿಯದು ನಿರುಪದ್ರವಿ ಗಂಟು. ಹದಿನೈದು ನಿಮಿಷದಲ್ಲಿ ತೆಗೆದು ಮನೆಗೆ ಕಳಿಸುತ್ತೇವೆ ಎಂದರು. ಹನಿಯಕ್ಕನದು ಕ್ಯಾನ್ಸರ್.

ದರ್ಜಿಯ ಮುಖದಲ್ಲಿ ಒಂದೇ ಕ್ಷಣ ಮೂಡಿ ಮಾಯವಾದ ನಿರಾಳವನ್ನು ಹನಿಯಕ್ಕ ನೋಡಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ತನ್ನ ಕಡೆ ಬಂದದ್ದು ನ್ಯಾಯವೆಂದೂ ಅನ್ನಿಸಲಿಲ್ಲ. ರೋಗ ಸುಳ್ಳು ಹೇಳಿದವರನ್ನು ಹುಡುಕಿಕೊಂಡು ಬರುವುದಿಲ್ಲ. ಸುಳ್ಳು ಅದಕ್ಕೆ ಸಮಯ ಕೊಡುತ್ತದೆ, ಅಷ್ಟೆ. ಎಷ್ಟು ಸಮಯ ಕೊಟ್ಟಿದ್ದೇನೆ ಎಂಬುದೊಂದೇ ಅವಳ ಪ್ರಶ್ನೆಯಾಗಿತ್ತು.

ಉತ್ತರ ಆಪರೇಷನ್ ಆಗಿ ಎರಡು ವಾರಕ್ಕೆ ಸಿಕ್ಕಿತು. ಗರ್ಭಕೋಶದ ಗೋಡೆಯ ಅರ್ಧ ದಾಟಿತ್ತು, ಹೊರಗೆ ಹಬ್ಬಿರಲಿಲ್ಲ. ಸರ್ಜನ್ ಗಡಸು ಹೆಂಗಸು. "ಐದು ತಿಂಗಳ ಹಿಂದೆ ಬಂದಿದ್ರೆ ಆಪರೇಷನ್ನಿಗೇ ಮುಗೀತಿತ್ತು. ಈಗ ರೇಡಿಯೇಷನ್ನೂ ಬೇಕು. ಇನ್ನೂ ಐದು ತಿಂಗಳು ಬಿಟ್ಟು ಬಂದಿದ್ರೆ ನಾನು ನಿಮ್ಮ ಜೊತೆ ಈ ಥರ ಮಾತಾಡ್ತಿರಲಿಲ್ಲ," ಎಂದರು. ಹನಿಯಕ್ಕನಿಗೆ ಆ ಸರ್ಜನ್ ಇಷ್ಟವಾದರು. ಹನಿ ಎಣಿಸಿದಂತೆ ಮಾತಾಡುವವರು.

ನಾಲ್ಕು ತಿಂಗಳ ನಂತರ ಕೆಲಸಕ್ಕೆ ಮರಳಿದಳು. ಗಿಡದ ಚಿತ್ರ ಗೋಡೆಯ ಮೇಲೆ ಹಾಗೇ ಇತ್ತು. ಮುಟ್ಟಿನ ನೋವಿನ ಹುಡುಗಿಯರಿಗೆ ಆ ಸೀಸೆಯೂ ಹಾಗೇ ಹೋಗುತ್ತಿತ್ತು. "ಹೆಚ್ಚಾಯ್ತಾ? ಒಳ್ಳೇದಾಯ್ತು" ಎಂಬ ಮಾತನ್ನು ಮಾತ್ರ ಹನಿಯಕ್ಕ ಆಡುವುದನ್ನು ಬಿಟ್ಟಳು. ಹೆಚ್ಚಾಯಿತು ಎಂದರೆ ಈಗ ಎದ್ದು ಡಾಕ್ಟರಮ್ಮನ ಬಾಗಿಲು ತಟ್ಟುತ್ತಾಳೆ.

ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಳು. ಭಾನುವಾರಗಳಂದು ಕೆಳಗಿನ ಖಾನೆಯ ಹಳೆಯ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಅವುಗಳ ಮೇಲಿನ ವಿಳಾಸ ಹುಡುಕಿ ಹೊರಡುತ್ತಾಳೆ. ದರ್ಜಿಯ ಅತ್ತೆಗೆ ಹಳೆಯ ಸಾಲಿನವರೆಲ್ಲ ಗೊತ್ತಿರುವುದರಿಂದ ಆಕೆಯೂ ಜೊತೆಗೆ. "ನನ್ನನ್ನ ಬಟ್ಟೆ ಅಂಗಡಿಯ ಸ್ಯಾಂಪಲ್ ಮಾಡ್ಕೊಂಡಿದ್ದೀಯ," ಎಂದು ಮುದುಕಿ ಗೊಣಗುತ್ತಾಳೆ, ಆದರೆ ಒಂದು ಭಾನುವಾರವೂ ತಪ್ಪಿಸುವುದಿಲ್ಲ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮನೆ ಸಿಕ್ಕಿವೆ. ಹದಿಮೂರು ಮಂದಿ ಇದ್ದಾರೆ. ಇಬ್ಬರು ಬೇರೆ ಕಾಯಿಲೆಯಿಂದ ಹೋದರು. ನಾಲ್ವರು ಇದರಿಂದಲೇ ಹೋದರು. ಅವರಲ್ಲಿ ಮೂವರು ಪತ್ರ ಇಟ್ಟುಕೊಂಡು ಕಾದವರು. ಪ್ರತಿಯೊಂದನ್ನೂ ಆಯಾ ಹಾಳೆಯ ಹಿಂಬದಿಯಲ್ಲಿ, ಮನೆಯವರ ಮಾತಿನಲ್ಲೇ ಬರೆದಿದ್ದಾಳೆ. ಈಗ ಮೂಲೆ ಮಡಿಸಬೇಕಾಗಿ ಬಂದರೆ, ರೋಗಿಯ ಮುಂದೆ ಆ ಹಾಳೆಗಳ ಹಿಂಬದಿಯನ್ನು ತಿರುಗಿಸಿ ಇಡುತ್ತಾಳೆ. ತನ್ನದನ್ನೂ ಸೇರಿಸಿ.

ಅವಳ ಹಾಳೆಯ ಹಿಂಬದಿಯಲ್ಲಿ ಬರೆಯುವವರು ಡಾಕ್ಟರಮ್ಮ. ಅಲ್ಲಿ ಬರೆಯಲು ಹನಿಯಕ್ಕನಿಗೆ ಅನುಮತಿ ಇಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆ. ಅದಕ್ಕೆ ಒಂದು ವಾರ ಮುಂಚಿನಿಂದಲೇ ಅವಳಿಗೆ ಊಟ ಸೇರುವುದಿಲ್ಲ, ಕುರ್ಚಿಯಿಂದ ಎದ್ದರೆ ತಿರುಗಿ ನೋಡುವುದು ಮತ್ತೆ ಶುರುವಾಗುತ್ತದೆ. ವರದಿ ತಂದು ಮೇಜಿನ ಮೇಲಿಡುತ್ತಾಳೆ. ಡಾಕ್ಟರಮ್ಮ ಪೂರ್ತಿ ಓದಿ, ದಿನಾಂಕ ಹಾಕಿ, ರೋಗ ಮರಳಿಲ್ಲ ಎಂದು ಒಂದು ಸಾಲು ಬರೆಯುತ್ತಾರೆ. ಇಲ್ಲಿಯವರೆಗೆ ಐದು ಸಾಲುಗಳಾಗಿವೆ. ಆರನೆಯದಕ್ಕೆ ಇನ್ನು ಹದಿನೇಳು ದಿನ.